ಕೆಂಪು ಕವರಿನ ಸಿಳ್ಳೆ

ಮಾರ್ಚ್ 3, ಸೋಮವಾರ

ರೆಕಾರ್ಡ್ ಪ್ಲೇಯರಿನ ಸೂಜಿ ಸವೆದಿತ್ತು. ಹೊಸದು ತರಲು ಟೋಪಿಯ ಅಂಗಡಿಗೆ ಹೋದೆ. ಟೋಪಿ ಎಂದರೆ ಹಳೆ ರೆಕಾರ್ಡು ಮಾರುವವನು, ನಾನಿಟ್ಟ ಹೆಸರು. ಮಲಗುವಾಗಲೂ ಟೋಪಿ ತೆಗೆಯುವುದಿಲ್ಲವಂತೆ, ಹೆಂಡತಿಯೇ ಹೇಳಿದ್ದು. ಒಳಗೆ ಯಾವುದೋ ಲೈವ್ ಆಲ್ಬಂ ಓಡುತ್ತಿತ್ತು. ಗಿಟಾರಿನ ಅಬ್ಬರವಿಲ್ಲ. ಆರ್ಗನ್, ಅದರ ಹಿಂದೆ ಮೆಲ್ಲಗೆ ಡ್ರಮ್. ನಿಂತೇ ಬಿಟ್ಟೆ.

ಕವರ್ ತೋರಿಸಿದ. ಬಿಳಿ ಕುದುರೆ. ನಗು ಬಂತು. ಈ ಬ್ಯಾಂಡಿನ ಹೆಸರೆತ್ತಿದರೆ ಸಾಕು, ನನ್ನ ತಮ್ಮ ಮೂಗು ಮುರಿಯುತ್ತಾನೆ. "ಅಕ್ಕಾ, ಅದು ಲಾಲಿ ಹಾಡೋ ಬ್ಯಾಂಡು. ಅದಕ್ಕೆ ದುಡ್ಡು ದಂಡ ಮಾಡ್ಬೇಡ." ಎಷ್ಟೋ ವರ್ಷದಿಂದ ಇದೇ ಮಾತು. ನಾನೂ ಕೊಂಡಿರಲಿಲ್ಲ.

"ಕೊಡಪ್ಪಾ ಅದನ್ನ," ಅಂದೆ.

"ಏನಮ್ಮಾ, ಪಾರ್ಟಿ ಬದಲಾಯಿಸಿಬಿಟ್ರಾ?"

"ಕಿವಿಗೆ ವಯಸ್ಸಾಯ್ತು. ಕಿರುಚಾಟ ಕೇಳಿದ್ದು ಸಾಕು, ಯಾರಾದ್ರೂ ಸಮಾಧಾನವಾಗಿ ಮಾತಾಡ್ಲಿ ಅನ್ಸುತ್ತೆ."

ಮಾರ್ಚ್ 4

ಎರಡನೇ ಬದಿ. ಕೊನೆಯ ಹಾಡಿಗೆ ಮುಂಚೆ, ಚಪ್ಪಾಳೆ ಇಳಿಯುವಾಗ — ಒಂದು ಸಿಳ್ಳೆ. ಎರಡು ಗಿಡ್ಡ, ಒಂದು ಉದ್ದ. ಹಿಂದೆಯೇ ಹೆಂಗಸೊಬ್ಬಳ ನಗು.

ಒಲೆಯ ಮೇಲೆ ಹಾಲು ಉಕ್ಕಿತು. ಏಳಲಿಲ್ಲ.

ಇದು ತಮ್ಮನ ಸಿಳ್ಳೆ. ಬೇರೊಂದು ಬ್ಯಾಂಡಿನ, ಕೆಂಪು ಕವರಿನ ಲೈವ್ ಆಲ್ಬಮ್ಮಿನಲ್ಲಿ ಇರುವುದು. ಇಪ್ಪತ್ತರ ವಯಸ್ಸಿನಲ್ಲಿ ಪಕ್ಕದ ಊರಿನ ಆ ಶೋಗೆ ಹೋಗಿ ಹೊಡೆದದ್ದು. ಅಲ್ಲೇ ರೆಕಾರ್ಡ್ ಆದದ್ದು. ಮನೆಗೆ ಬಂದವರಿಗೆಲ್ಲ ಕೇಳಿಸಿದ್ದೇನೆ. "ತಡೀರಿ, ಈಗ ಬರುತ್ತೆ... ಹಾಂ! ನಮ್ಮ ಹುಡುಗಂದು."

ಅದು ಕುದುರೆಯ ಆಲ್ಬಮ್ಮಿಗೆ ಹೇಗೆ ಬಂತು?

ಮಾರ್ಚ್ 5

ಎರಡನ್ನೂ ಒಂದರ ಹಿಂದೊಂದು ಹಾಕಿದೆ. ನಗುವೂ ಅದೇ. ಬೇರೆ ಬ್ಯಾಂಡು, ಬೇರೆ ಸಭಾಂಗಣ, ಅದೇ ಹೆಂಗಸಿಗೆ ಅದೇ ಸಿಳ್ಳೆಯ ಹಿಂದೆ ನಗು ಬರುವುದೆಂದರೆ...

ಟೋಪಿಯನ್ನು ಕೇಳಿದೆ. ಹೊಟ್ಟೆ ಹಿಡಿದುಕೊಂಡು ನಕ್ಕ. "ಎರಡೂ ಒಂದೇ ಕಂಪನಿ ಅಲ್ವಾಮ್ಮಾ? ಚಪ್ಪಾಳೆ ಸ್ಟಾಕ್ ಇಟ್ಕೊಂಡಿರ್ತಾರೆ. ಸಪ್ಪೆ ಅನ್ಸಿದ ಕಡೆ ಒಂದು ಸೌಟು ಸುರೀತಾರೆ."

"ಯಾವುದು ಮೊದಲು ಬಂದಿದ್ದು?"

"ಕುದುರೆ. ಕೆಂಪಿಗಿಂತ ಎರಡು ವರ್ಷ ಮುಂಚೆ."

ಕೆಂಪು ಬಂದದ್ದು ಶೋ ಆದ ಮರುವರ್ಷ. ಅಂದರೆ ತಮ್ಮ ಶೋಗೆ ಹೋಗುವ ಮೊದಲೇ ಆ ಸಿಳ್ಳೆ ಇತ್ತು.

ಮಾರ್ಚ್ 9, ಭಾನುವಾರ

ಬರೆದರೆ ನಿಜವಾಗಿಬಿಡುತ್ತದೇನೋ ಎಂದು ಪುಸ್ತಕ ಮುಟ್ಟಿರಲಿಲ್ಲ. ತಲೆಯೊಳಗಿನ ಹುಳು ಬಿಡಬೇಕಲ್ಲ.

ಆ ಶೋ ನಡೆದ ರಾತ್ರಿಯೇ ಅಪ್ಪನ ಕನ್ನಡಿ ಅಂಗಡಿಯ ವ್ಯಾನು ಹಾಳಾದದ್ದು. ಸರಕು ತುಂಬಿ ನಿಲ್ಲಿಸಿದ್ದನ್ನು ಯಾರೋ ಓಡಿಸಿಕೊಂಡು ಹೋಗಿ, ಸೇತುವೆಯ ಕಟ್ಟೆಗೆ ಗುದ್ದಿ, ಬಿಟ್ಟು ಓಡಿದ್ದರು. ಬೀಗದ ಕೈ ಇದ್ದದ್ದು ಎರಡೇ ಕಡೆ: ನಮ್ಮ ಅಡುಗೆಮನೆಯ ಮೊಳೆ, ನಾವು ಮೀಸೆ ಎನ್ನುತ್ತಿದ್ದ ಡ್ರೈವರನ ಜೇಬು. ತಮ್ಮ ಊರಲ್ಲೇ ಇಲ್ಲ. ಇನ್ಯಾರು? ಅಪ್ಪ ಮೀಸೆಯನ್ನು ಅಂದೇ ಹೊರಗೆ ಹಾಕಿದರು. ಕುಡಿದು ಗುದ್ದಿದ ಎಂಬ ಹೆಸರು ಅಂಟಿತು. ಆಮೇಲೆ ಯಾರೂ ಅವನ ಕೈಗೆ ಸ್ಟೀರಿಂಗ್ ಕೊಡಲಿಲ್ಲ. ಗೋಡೌನಿನಲ್ಲಿ ಮೂಟೆ ಹೊತ್ತೇ ಮುದುಕನಾದ. ಎರಡು ಬೀದಿಯಾಚೆ ಮನೆ. ನನ್ನನ್ನು ಕಂಡರೆ ರಸ್ತೆ ದಾಟಿಬಿಡುತ್ತಾನೆ.

ತಮ್ಮ ಬೆಳಿಗ್ಗೆ ಬಂದಾಗ ಹಣೆಗೆ ಪಟ್ಟಿ. ಶೋನಲ್ಲಿ ನೂಕುನುಗ್ಗಲು ಎಂದ. ಅಂಗಿ ಒಗೆದವಳು ನಾನು. ತೋಳಿನ ಮಡಿಕೆಯಲ್ಲಿ ಗಾಜಿನ ಚೂರು ಚುಚ್ಚಿತ್ತು. ನಮ್ಮ ಮನೆಯಲ್ಲಿ ಅದೇನೂ ದೊಡ್ಡದಲ್ಲ. ಅಪ್ಪ ಗಾಜು ಕೊಯ್ಯುವುದು, ನಾನು ಅಂಚು ಉಜ್ಜುವುದು. ಹಾಸಿಗೆಯಲ್ಲೂ ಚೂರು ಸಿಗುತ್ತಿತ್ತು. ಆದರೆ ಅದು ಹೊಸ ಅಂಗಿ. ಅಂಗಡಿಯ ಹೊಸಿಲು ತುಳಿಯದ ಅಂಗಿ.

ಮರುವರ್ಷ ಕೆಂಪು ಕವರ್ ಬಂತು. "ಅಪ್ಪಾ, ಕೇಳಿ, ನಾನೇ!" ಅಪ್ಪನಿಗೆ ಒಳಗೊಳಗೇ ಏನಾದರೂ ಅನುಮಾನವಿದ್ದಿದ್ದರೆ ಅದೂ ಅಂದು ಹೋಯಿತು.

ಇನ್ನೊಂದು. ರೆಕಾರ್ಡಿನಲ್ಲಿರುವುದು ಬಾಯಲ್ಲಿ ಬೆರಳಿಟ್ಟು ಹೊಡೆಯುವ ಸಿಳ್ಳೆ. ತಮ್ಮನದು ಹಲ್ಲಿನ ಸಂದಿಯದು — ಮೆಲ್ಲಗೆ, ಜಾರುವಂಥದ್ದು. ತಡವಾಗಿ ಬಂದಾಗಲೆಲ್ಲ ಮೆಟ್ಟಿಲಿಂದ ಹಾಕುತ್ತಿದ್ದ. ಅಪ್ಪನಿಗೆ ಎಚ್ಚರವಾಗದಂತೆ ನಾನು ಬಾಗಿಲು ತೆಗೆಯಲಿ ಎಂದು. ಬೆರಳಿಟ್ಟು ಹೊಡೆದದ್ದು ನಾನು ಕಂಡೇ ಇಲ್ಲ.

ಕುದುರೆಯನ್ನು ನಾನು ಕೊಳ್ಳದಂತೆ ಇಷ್ಟು ವರ್ಷ ನೋಡಿಕೊಂಡನೇ? ಹಾಗಾದರೆ ನನ್ನ ರುಚಿ ಎಂದುಕೊಂಡು ಬದುಕಿದ್ದು ಯಾರ ರುಚಿ?

ಛೆ. ಎತ್ತಿ ಆಡಿಸಿದವನ ಮೇಲೆ ಪೊಲೀಸಿನವಳ ಹಾಗೆ... ಸಿಳ್ಳೆಯ ವಿಷಯದಲ್ಲಿ ಬಡಾಯಿ ಕೊಚ್ಚಿಕೊಂಡಿರಬಹುದು, ಅಷ್ಟೆ. ಶೋಗೆ ಹೋಗಿರಲೂಬಹುದು. ಕೇಳಿಯೇ ಬಿಡಬೇಕು. ಇಲ್ಲ, ಕೇಳದೆಯೇ ತಿಳಿಯಬೇಕು.

ಮಾರ್ಚ್ 16, ಭಾನುವಾರ

ಊಟಕ್ಕೆ ಕರೆದಿದ್ದೆ. ಹೊಸ ಹಲ್ಲುಸೆಟ್ಟು ಹಾಕಿಕೊಂಡು ಬಂದ.

"ಹೇಗಿದೆ ಅಕ್ಕಾ?"

"ಬಾಡಿಗೆಗೆ ತಂದ ಹಾಗಿದೆ."

ಇಬ್ಬರೂ ನಕ್ಕೆವು. ಎಷ್ಟು ಚಂದ ನಗುತ್ತಾನೆ, ಪಾಪಿ.

ಕವರ್ ಮೊದಲೇ ಬಚ್ಚಿಟ್ಟಿದ್ದೆ. "ಹೊಸ ಸೂಜಿ ಹೇಗಿದೆ ಕೇಳು," ಎಂದು ಕುದುರೆಯ ಎರಡನೇ ಬದಿ ಹಾಕಿದೆ.

"ಯಾರಿದು?"

"ನಿಂಗೊತ್ತಿಲ್ವಾ?"

"ಕೇಳಿಲ್ಲಪ್ಪ."

ಕೇಳಿಲ್ಲವಂತೆ. ಕಾಲ್ಬೆರಳು ಮಾತ್ರ ತಾಳ ಹಾಕುತ್ತಿತ್ತು, ಎಲ್ಲಿ ನಿಲ್ಲಬೇಕೋ ಅಲ್ಲಿ ನಿಂತು. ಹಾಡು ಮುಗಿಯಿತು. ಚಪ್ಪಾಳೆ. ಇಳಿಯತೊಡಗಿತು. ಅವನು ತಟ್ಟೆ ಬದಿಗಿಟ್ಟು ಎದ್ದು ಹೋಗಿ ಸೂಜಿ ಎತ್ತಿಬಿಟ್ಟ.

"ಸಾಕು ಬಿಡಕ್ಕ. ತಲೆನೋವು."

"ಈಗೇನು ಬರುತ್ತೆ ಅಂತ ನಿಂಗೆ ಹೇಗೆ ಗೊತ್ತು?"

ರೆಕಾರ್ಡು ಸದ್ದಿಲ್ಲದೆ ತಿರುಗುತ್ತಿತ್ತು. ಅವನ ಕೈ ಹಣೆಯ ಹಳೆ ಗಾಯಕ್ಕೆ ಹೋಯಿತು.

"ಬಸ್ ತಪ್ಪಿಹೋಯ್ತು ಅಕ್ಕಾ. ವ್ಯಾನಲ್ಲಾದ್ರೂ ಹೋಗೋಣ ಅಂತ ಹೊರಟೆ. ಸೇತುವೆ ದಾಟಲೇ ಇಲ್ಲ."

"ಮೀಸೆ?"

"ಅಪ್ಪ ಎರಡು ದಿನ ಕೂಗಾಡಿ ವಾಪಸ್ ಕರೀತಾರೆ ಅಂದ್ಕೊಂಡೆ."

"ಕರೀಲಿಲ್ಲ."

"ಕರೀಲಿಲ್ಲ... ಆಮೇಲೆ ಹೇಳೋಕೆ ಬಾಯೇ ಬರಲಿಲ್ಲ."

ಪ್ಲೇಯರ್ ಆರಿಸಿದೆ. "ಗುರುವಾರ ನಾಲ್ಕಕ್ಕೆ ಬಾ. ಇಬ್ಬರೂ ಅವನ ಮನೆಗೆ ಹೋಗೋಣ. ನೀನು ಬರದಿದ್ರೆ ನಾನೊಬ್ಬಳೇ ಹೋಗಿ ಹೇಳ್ತೀನಿ."

"ಈ ವಯಸ್ಸಿನಲ್ಲಾ ಅಕ್ಕಾ?"

"ಅವನಿಗೂ ಅಷ್ಟೇ ವಯಸ್ಸಾಗಿದೆ ಕಣೋ."

ಕೈ ತೊಳೆಯದೆ ಹೋದ.

ಮಾರ್ಚ್ 20, ಗುರುವಾರ

ಮೂರೂವರೆ. ಚಪ್ಪಲಿ ಹಾಕಿಕೊಂಡೇ ಕೂತಿದ್ದೇನೆ. ನಿನ್ನೆಯಿಂದ ಫೋನ್ ಎತ್ತುತ್ತಿಲ್ಲ. ಬರುವುದಿಲ್ಲ. ಜ್ವರ ಎನ್ನುತ್ತಾನೆ, ಇಲ್ಲ ಹಲ್ಲಿನ ಡಾಕ್ಟರು ಎನ್ನುತ್ತಾನೆ. ಅವನ ಮಾತು ಯಾವುದು ಲೈವ್, ಯಾವುದು ಆಮೇಲೆ ಸುರಿದದ್ದು, ಇನ್ನು ಹೇಗೆ ನಂಬುವುದು?

ನಾಲ್ಕು. ಯಾರೂ ಇಲ್ಲ. ಒಬ್ಬಳೇ ಹೋಗುತ್ತೇನೆ. ಮೀಸೆ ಬಾಗಿಲಲ್ಲಿ ನಿಂತು "ಏನಮ್ಮಾ?" ಎಂದರೆ ಮೊದಲ ಮಾತು ಯಾವುದು? ಅದನ್ನಿಲ್ಲಿ ಬರೆದುಕೊಂಡು ಹೋಗೋಣವೆಂದು—

ಮೆಟ್ಟಿಲ ಮೇಲೆ ಹೆಜ್ಜೆ. ಮಹಡಿಯವರಿರಬೇಕು. ಅಲ್ಲ, ನಿಂತಿತು.

ಸಿಳ್ಳೆ. ಹಲ್ಲುಸೆಟ್ಟಿನ ಸಂದಿಯಿಂದ, ಅರ್ಧ ಗಾಳಿ, ಅರ್ಧ ಸದ್ದು. ಮೆಲ್ಲಗೆ, ಜಾರುತ್ತಾ... ರೆಕಾರ್ಡಿನದಲ್ಲ. ಅವನದೇ. ಬಾಗಿಲು ತೆಗೆಯ—