ಹೊಳೆನೀರಿನ ನೆಂಟಸ್ತನ

ಮೊಂತ್‌ಸೆರಾಲ್ ಕೋಟೆ,
ವಿಭೂತಿ ಬುಧವಾರ ಕಳೆದ ಶುಕ್ರವಾರ,
ಕರ್ತರ ವರ್ಷ ೧೨೩೭

ಪ್ರೀತಿಯ ಗಾಸ್ಬೆರ್ ಅಣ್ಣಾ,

ಜ್ವರ ಪೂರ್ತಿ ಬಿಟ್ಟಿತೇ? ಹೊಟ್ಟೆಗೆ ಏನಾದರೂ ಸೇರುತ್ತಿದೆಯೇ? ಸಮುದ್ರದಾಚೆಯ ಆಕ್ರೆಯ ಬಿಸಿಲು ನಮ್ಮ ಗುಡ್ಡದ ಮೈಗೆ ಒಗ್ಗುವುದಿಲ್ಲ ಎಂದು ನೀನು ಹೆಗಲಿಗೆ ಶಿಲುಬೆ ಹೊಲಿಸಿಕೊಂಡು ಧರ್ಮಯುದ್ಧಕ್ಕೆ ಹೊರಟ ದಿನವೇ ಹೇಳಿದ್ದೆ. ಆದರೆ ನೀನು ಯಾರ ಮಾತು ಕೇಳಿದವನು? ಬರಿಯ ನೀರು ಕುಡಿಯಬೇಡ, ದ್ರಾಕ್ಷಾರಸ ಬೆರೆಸಿಕೋ. ತಲೆಗೆ ಬಟ್ಟೆ ಸುತ್ತಿಕೋ, ಅಲ್ಲಿಯವರು ಸುತ್ತುತ್ತಾರೆಂದು ನಾಚಿಕೆ ಪಡಬೇಡ. ಇಲ್ಲಿ ನಾನು ಚೆನ್ನಾಗಿದ್ದೇನೆ. ತಪಸ್ಸುಕಾಲ ಶುರುವಾಗಿದೆ, ಇನ್ನು ಪಾಸ್ಕ ಹಬ್ಬದವರೆಗೆ ಒಣಮೀನು, ಬೇಯಿಸಿದ ಕಾಳು, ಮತ್ತೆ ಒಣಮೀನು. ಕೋಟೆಯನ್ನು ಮೈದುನ ನೋಡಿಕೊಳ್ಳುತ್ತಾನೆ, ಗೋಪುರದ ಮೇಲಿನ ಎರಡು ಕೋಣೆಗಳು ನನ್ನವು. ನಮ್ಮಿಬ್ಬರನ್ನೂ ಎತ್ತಿ ಆಡಿಸಿದ ಬ್ರೂನಾ ಹೋದ ಚಳಿಗಾಲ ತೀರಿಕೊಂಡಳು. ಅವಳ ಗೊರಕೆಗೆ ಬೈಯುತ್ತಿದ್ದೆ. ಈಗ ಅದಿಲ್ಲದೆ ನಿದ್ದೆ ಬರುವುದಿಲ್ಲ. ಈ ಪತ್ರವನ್ನು ಪಾದ್ರಿಯ ಕೈಯಲ್ಲಿ ಬರೆಸದೆ ನಾನೇ ಬರೆಯುತ್ತಿದ್ದೇನೆ. ಕನ್ಯಾಮಠದಲ್ಲಿ ಕಲಿತ ಅಕ್ಷರ, ಸೊಟ್ಟಗಿದ್ದರೆ ನಗಬೇಡ. ಚಳಿಗೆ ಬೆರಳು ಮರಗಟ್ಟಿದೆ.

ನಿನ್ನ ಪತ್ರ ಕ್ರಿಸ್ಮಸ್ ಹೊತ್ತಿಗೆ ಬಂತು. ಜ್ವರದಲ್ಲಿ ದಾರಿಬದಿಗೆ ಬಿದ್ದಿದ್ದ ನಿನ್ನನ್ನು ಕಾಲಿಗೆ ಜೋಡಿಲ್ಲದ ಯಾರೋ ಬಡ ಯೋಧ ಹೊತ್ತು ತಂದನಂತೆ, ಅವನ ಹೆಗಲ ಮೇಲೆ ಬರುವಾಗ ನಿನಗೆ ರೈನೌತ್‌ನ ನೆನಪಾಯಿತಂತೆ. ‘ಅವನಿಗೆ ನಾನು ಮಾಡಿದ್ದು ಅನ್ಯಾಯ. ನೀನು ಈಗ ವಿಧವೆ, ಅವನಿನ್ನೂ ಒಂಟಿಯಾಗಿದ್ದರೆ ಮದುವೆಯಾಗು, ನನ್ನ ಒಪ್ಪಿಗೆಯಿದೆ’ ಎಂದು ಬರೆದಿದ್ದೀಯ. ಆ ಸಾಲನ್ನು ಎಷ್ಟು ಸಲ ಓದಿದೆನೋ. ಒಪ್ಪಿದ್ದಕ್ಕೆ ನಿನ್ನ ಕೈಗೆ ಮುತ್ತಿಡುತ್ತೇನೆ, ಅಣ್ಣಾ. ಆದರೆ ಈ ಮದುವೆ ಆಗುವುದಿಲ್ಲ. ಏಕೆಂದು ನಿನಗೆ ಯಾರೂ ಬರೆದಿರಲಾರರು, ನಾನೇ ಹೇಳಬೇಕು.

ಅವನು ಹೆಣ್ಣು ಕೇಳಲು ಬಂದ ದಿನ ನಿನಗೆ ನೆನಪಿದೆಯಲ್ಲವೇ? ಕತ್ತಿ ಕಟ್ಟಿಸಿಕೊಂಡ ಯೋಧನೇನೋ ಹೌದು, ಆದರೆ ಅಣ್ಣತಮ್ಮಂದಿರಿಬ್ಬರಿಗೂ ಒಂದೇ ಕುದುರೆ, ಒಂದೇ ಉಕ್ಕಿನ ಅಂಗಿ. ಒಂದು ವಾರ ಅವನು ನಿನ್ನ ಕೋಟೆಯ ಕಾವಲಿಗೆ ಬಂದರೆ ಮರುವಾರ ತಮ್ಮ ಬರುತ್ತಿದ್ದ. ಅಂಗಿ ತಮ್ಮನ ಅಳತೆಯದು, ಇವನ ಮೊಣಕೈ ಹೊರಗೆ ಇಣುಕುತ್ತಿತ್ತು. ಅದಕ್ಕೆ ನೀನು ತುಂಬಿದ ಪಂಕ್ತಿಯಲ್ಲಿ, ‘ಕುದುರೆಗೆ ಹುಲ್ಲು ಹಾಕೋಕೆ ಗತಿಯಿಲ್ಲ, ನನ್ನ ತಂಗಿಗೆ ಏನಯ್ಯಾ ಹಾಕ್ತೀಯ?’ ಎಂದೆ. ಎಲ್ಲರೂ ನಕ್ಕರು. ಅವನು, ‘ನೀವು ಕೇಳಿದ್ದು ಸರಿ, ದೊರೆ’ ಎಂದು ತಲೆಬಾಗಿ ಹೊರಟ. ನಾನು ಮೇಲಿನ ಜಗಲಿಯಲ್ಲಿ ಕಸೂತಿ ಹಿಡಿದು ಕುಳಿತಿದ್ದೆ. ಅವನು ನನಗಾಗಿ ಜಗಳವಾಡಲಿಲ್ಲವಲ್ಲ ಎಂದು ಎಷ್ಟೋ ದಿನ ಸಿಟ್ಟಾಗಿದ್ದೆ. ಸುಳ್ಳು ಹೇಳಲು ಬಾರದವನು ಜಗಳವಾಡುವುದಾದರೂ ಹೇಗೆ ಎಂದು ಬ್ರೂನಾ ಗದರಿಸುತ್ತಿದ್ದಳು.

ಆಮೇಲೆ ನೀನು ನನ್ನನ್ನು ಪೋನ್ಸ್‌ಗೆ ಕೊಟ್ಟೆ. ಸತ್ತವರ ಬಗ್ಗೆ ಕೆಟ್ಟದ್ದು ಆಡಬಾರದು, ಆಡುವಂಥದ್ದೂ ಇಲ್ಲ. ಅರವತ್ತು ದಾಟಿದ ಮನುಷ್ಯ, ನನಗಿಂತ ತನ್ನ ಬೇಟೆನಾಯಿಗಳ ಜೊತೆಗೇ ಹೆಚ್ಚು ಮಾತಾಡುತ್ತಿದ್ದ. ರೈನೌತ್ ಅದೇ ವರ್ಷ ಇಲ್ಲಿಯ ಕಾವಲಿಗೆ ಸೇರಿದ. ಕೋಟೆಗೆ ಹೆಬ್ಬಾಗಿಲೊಂದೇ, ಬಂದು ಹೋಗುವಾಗ ಕಣ್ಣಿಗೆ ಬೀಳುತ್ತಿದ್ದ. ಪೋನ್ಸ್ ಬದುಕಿರುವವರೆಗೆ ಅವನು ನನ್ನ ಮುಖ ನೋಡಿ ಒಂದು ಮಾತೂ ಆಡಲಿಲ್ಲ. ನಾನೂ ಆಡಿಸಲಿಲ್ಲ. ನಮ್ಮ ಪಾಪ ಅಂತ ಇದ್ದರೆ ಅಷ್ಟೇ, ಅದನ್ನೂ ಪಾದ್ರಿಗೆ ಹೇಳಿ ತಪ್ಪೊಪ್ಪಿಕೊಂಡಿದ್ದೇನೆ.

ಪೋನ್ಸ್ ಹಂದಿಬೇಟೆಯಲ್ಲಿ ಸತ್ತಾಗ ನಾನು ಏಳು ತಿಂಗಳ ಬಸುರಿ. ಹೆರಿಗೆಗೆ ತವರಿಗೆ ಬಾ ಎಂದು ಅತ್ತಿಗೆ ಹೇಳಿಕಳಿಸಿದಳು. ಗಾಡಿಯಲ್ಲಿ ನಾನು, ಬ್ರೂನಾ. ಕಾವಲಿಗೆ ಮೈದುನ ಕಳಿಸಿದ್ದು ರೈನೌತ್‌ನನ್ನು. ಯಾಕೆಂದರೆ ಮಿಕ್ಕವರೆಲ್ಲ ಸುಗ್ಗಿಗೆ ಹೋಗಿದ್ದರು, ಹೊಲವಿಲ್ಲದವನು ಇವನೊಬ್ಬನೇ. ಆ ದಾರಿಯಲ್ಲಿ ಅವನು ಮೊದಲ ಸಲ ಗಾಡಿಯ ಪಕ್ಕಕ್ಕೆ ಬಂದು, ‘ಒಂದು ವರ್ಷ ಶೋಕ ಮುಗೀಲಿ. ಆಮೇಲೆ ಸಮುದ್ರ ದಾಟಿಯಾದರೂ ನಿಮ್ಮಣ್ಣನ ಕಾಲು ಹಿಡ್ಕೋತೀನಿ’ ಎಂದ. ನನಗೆ ಅಷ್ಟು ಸಾಕಾಗಿತ್ತು. ಮಧ್ಯಾಹ್ನ ಹೊಳೆ ದಾಟುವಾಗ ಗಾಡಿಯ ಗಾಲಿ ಕಲ್ಲಿಗೆ ಹೊಡೆದು ಕುಲುಕಿತು, ನನಗೆ ನೋವು ಶುರುವಾಯಿತು. ಮಗು ಹುಟ್ಟಿತು, ಗಂಡು. ಮೈಯೆಲ್ಲ ನೀಲಿ, ಅಳಲಿಲ್ಲ. ಬ್ರೂನಾಳ ಎರಡು ಕೈಯೂ ನನ್ನ ರಕ್ತ ನಿಲ್ಲಿಸುವುದರಲ್ಲಿತ್ತು. ಅಲ್ಲಿಂದಲೇ ಕೂಗಿದಳು: ‘ಏನ್ರೀ ಕಂಬದ ಹಾಗೆ ನಿಂತಿದೀರಾ? ಪ್ರಾಣ ಹೋಗೋ ಮುಂಚೆ ಹೆಸರಿಟ್ಟು ನೀರು ಹಾಕ್ರೀ.’ ಅವನು ಕಬ್ಬಿಣದ ಟೊಪ್ಪಿಗೆಯಲ್ಲಿ ಹೊಳೆನೀರು ಮೊಗೆದು ತಂದು ಮಗುವಿನ ತಲೆಗೆ ಸುರಿದು ಪಿತನ, ಸುತನ, ಪವಿತ್ರಾತ್ಮನ ಹೆಸರು ಹೇಳಿ ಜ್ಞಾನಸ್ನಾನ ಮಾಡಿಸಿದ. ಮಗು ಕೀರಲು ದನಿಯಲ್ಲಿ ಅತ್ತಿತು. ಏನು ಹೆಸರಿಟ್ಟ ಗೊತ್ತೇ? ಗಾಸ್ಬೆರ್. ನಿನ್ನ ಹೆಸರು. ಸೋದರಮಾವನ ಹೆಸರಿಡುವುದು ಕ್ರಮವಲ್ಲವೇ ಎಂದು ಆಮೇಲೆ ನನ್ನನ್ನೇ ಕೇಳಿದ. ಪಂಕ್ತಿಯಲ್ಲಿ ನಿನ್ನಿಂದ ಅಷ್ಟು ಅನ್ನಿಸಿಕೊಂಡವನು.

ಹತ್ತಿರವಿದ್ದದ್ದು ಮೊಂತ್‌ಸೆರಾಲ್, ಹಿಂದಿರುಗಿದೆವು. ಮಗು ಮಾರನೆಯ ದಿನ ಸಂಜೆಯವರೆಗೆ ಇತ್ತು. ನನ್ನ ಬೆರಳನ್ನು ಒಮ್ಮೆ ಹಿಡಿದುಕೊಂಡಿತ್ತು, ಅಣ್ಣಾ. ಇದನ್ನು ನಿನಗಲ್ಲದೆ ಯಾರಿಗೆ ಹೇಳಲಿ.

ಅಂದು ರಾತ್ರಿಯೇ ಬ್ರೂನಾ ರೈನೌತ್‌ಗೆ ಹೇಳಿಟ್ಟಳಂತೆ: ‘ನೀರು ಹಾಕಿದ್ದು ನೀವು ಅಂತ ಎಲ್ಲೂ ಬಾಯಿಬಿಡ್ಬೇಡಿ. ಗುಡಿ ಕಟ್ಟಳೆ ಪ್ರಕಾರ ಹಾಕಿದವನು ತಾಯಿಗೆ ನೀರಿನ ಅಣ್ಣ ಆಗ್ತಾನೆ, ಆಮೇಲೆ ಲಗ್ನದ ಮಾತೇ ಇಲ್ಲ. ನಾನು ಹಾಕಿದೆ ಅಂತೀನಿ. ಮುದುಕಿ ನಾನು, ನನಗೇನು ಮದುವೆಯೇ ಮಾಲೆಯೇ?’ ಮಗುವನ್ನು ಮಣ್ಣಿಗೆ ಒಯ್ಯುವಾಗ ನಾನೂ ಗಾಡಿಯಲ್ಲಿ ಮಲಗಿಕೊಂಡೇ ಹೋದೆ. ಹೆತ್ತ ಮೈಲಿಗೆ ಕಳೆಯದೆ ಒಳಗೆ ಬಿಡುವುದಿಲ್ಲವಲ್ಲ, ಗುಡಿಯ ಸಮಾಧಿನೆಲದ ಮಣ್ಣಿನ ಗೋಡೆಯ ಹೊರಗೆ ಗಾಡಿ ನಿಲ್ಲಿಸಿದರು. ಒಳಗಿನ ಮಾತೆಲ್ಲ ಕೇಳುತ್ತಿತ್ತು. ಪಾದ್ರಿ ಅರ್ನೌತ್ ಕ್ರಮದಂತೆ, ನೀರು ಹಾಕಿದವರು ಯಾರು, ಏನು ಹೇಳಿ ಹಾಕಿದರು ಎಂದು ಕೇಳಿದರು. ಬ್ರೂನಾ ಮುಂದೆ ಬಂದು ‘ನಾನು’ ಎಂದಳು. ಹಾಗಾದರೆ ಆ ಮಾತು ಹೇಳು ಎಂದರು. ಪಾಪ, ಸುಳ್ಳಿಗೆ ಬೆವೆತಿದ್ದಳೋ ಏನೋ, ‘ತಂದೆಯ, ಮಗನ, ಮಾತೆ ಮರಿಯಳ ಹೆಸರಿನಲ್ಲಿ’ ಎಂದುಬಿಟ್ಟಳು. ದಿನವೂ ಹತ್ತು ಸಲ ಮಾತೆಯನ್ನು ಕರೆಯುವ ಬಾಯಿ, ಅದೇ ಬಂತು. ಪಾದ್ರಿ ನಿಟ್ಟುಸಿರು ಬಿಟ್ಟು, ‘ಅಮ್ಮಾ, ಇದು ಜ್ಞಾನಸ್ನಾನ ಆಗ್ಲಿಲ್ಲ. ಗೋಡೆ ಆಚೆ, ಬೇಲಿ ಹತ್ರ ಅಗೀರಪ್ಪ’ ಎಂದರು. ಬೇಲಿಯ ಹತ್ತಿರ ನೇಣು ಹಾಕಿಕೊಂಡವರನ್ನೂ ಹೆಸರಿಲ್ಲದ ಹಸುಗೂಸುಗಳನ್ನೂ ಹೂಳುತ್ತಾರೆ. ಗುದ್ದಲಿ ಎತ್ತಿದ ಸದ್ದು ನನಗೆ ಕೇಳಿತು.

ಆಗ ರೈನೌತ್, ‘ನೀರು ಹಾಕಿದ್ದು ನಾನು’ ಎಂದ. ಮಂತ್ರದ ಮಾತನ್ನು ತಪ್ಪಿಲ್ಲದೆ ಹೇಳಿದ. ಪಾದ್ರಿ ಕೆಟ್ಟವರಲ್ಲ, ಊರ ಬಾಯಿಗೆ ಬಿದ್ದಿದ್ದ ನಮ್ಮ ಕಥೆ ಅವರಿಗೂ ಗೊತ್ತಿತ್ತು. ದನಿ ತಗ್ಗಿಸಿ, ‘ಯೋಚನೆ ಮಾಡಿ ಹೇಳಪ್ಪಾ. ಇದು ನಿಜ ಅಂತ ಆಣೆ ಮಾಡಿದ್ರೆ ಇವತ್ತಿಂದ ಆಕೆ ನಿನಗೆ ಒಡಹುಟ್ಟಿದ ತಂಗಿ. ಸಾಯೋವರೆಗೂ’ ಎಂದರು. ಗೋಡೆಯ ಈಚೆ ನಾನು ಏನೆಂದು ಬೇಡಿಕೊಂಡೆ ಎಂದು ಕೇಳಬೇಡ. ಎರಡನ್ನೂ ಬೇಡಿಕೊಂಡೆ. ರೈನೌತ್, ‘ಆಣೆ ತಗೊಳ್ಳಿ, ಸ್ವಾಮಿ. ಕೂಸು ಬಿಸಿಲಲ್ಲಿದೆ’ ಎಂದ. ಮಗುವನ್ನು ಗುಡಿಯ ಗೋಡೆಯೊಳಗೆ, ಬಾಗಿಲಿಗೆ ಹತ್ತಿರದಲ್ಲಿ ಮಲಗಿಸಿದರು.

ಬೇರೆ ಸೀಮೆಗೆ ಹೋಗಿ ಬಾಯಿ ಮುಚ್ಚಿಕೊಂಡು ಮದುವೆಯಾಗಬಹುದಿತ್ತು ಎಂದು ನಿನಗೆ ಅನ್ನಿಸಬಹುದು, ನನಗೂ ಅನ್ನಿಸಿದೆ. ಆದರೆ ಆ ಆಣೆ ಸುಳ್ಳೆಂದರೆ ನನ್ನ ಮಗುವನ್ನು ಮತ್ತೆ ಬೇಲಿಯ ಹತ್ತಿರಕ್ಕೆ ಒಯ್ದಂತೆ. ರೋಮಿನಿಂದ ವಿನಾಯಿತಿ ತರಿಸಬಹುದಂತೆ, ರಾಜರಿಗೆ. ನಮ್ಮಂಥವರ ಮನೆಯ ದಾರಿ ರೋಮಿಗೆ ಗೊತ್ತಿಲ್ಲ.

ಈಗಿನ ತಮಾಷೆ ಕೇಳು. ಹಿಂದೆ ಅವನು ಅಂಗಳದಲ್ಲಿ ಹತ್ತು ಹೆಜ್ಜೆ ಹತ್ತಿರ ಬಂದರೆ ಕಣ್ಣು ಕೆಂಪಾಗಿಸುತ್ತಿದ್ದವರೇ ಈಗ ಬಾಗಿಲು ತೆರೆದು ಒಳಗೆ ಬಿಡುತ್ತಾರೆ. ಅಡಿಗೆಯವಳು ಮೆಟ್ಟಿಲ ಬುಡದಿಂದಲೇ, ‘ಅಮ್ಮಾವ್ರೇ, ನಿಮ್ಮ ನೀರಣ್ಣ ಬಂದವ್ರೆ’ ಎಂದು ಕೂಗುತ್ತಾಳೆ. ಮೈದುನನೂ ಅವನ ಬೆನ್ನು ತಟ್ಟಿ ಮಾತಾಡಿಸುತ್ತಾನೆ. ಭಾನುವಾರ ಪೂಜೆ ಮುಗಿಸಿ ಬಂದು ನನ್ನ ಬೆಂಕಿಯ ಆಚೆ ಬದಿಗೆ ಕೂರುತ್ತಾನೆ. ನನ್ನನ್ನು ತಂಗಿ ಎನ್ನುತ್ತಾನೆ, ಅದನ್ನು ನಿಜವಾಗಿಯೇ ಎನ್ನಲು ಪ್ರಯತ್ನ ಪಡುತ್ತಾನೆ. ಕುದುರೆಗೆ ಕುಂಟು, ತಮ್ಮನಿಗೆ ಮದುವೆ, ಹೊಳೆಗೆ ನೀರು ಬಂತು, ಹೀಗೆ ಊರ ಸುದ್ದಿ. ಕತ್ತಲಾಗುವ ಮುಂಚೆ ಎದ್ದು ಹೋಗುತ್ತಾನೆ. ಅವನು ಬಾರದಿದ್ದ ವರ್ಷಗಳಲ್ಲಿ ನಾನು ಇಷ್ಟು ಒಂಟಿಯಾಗಿರಲಿಲ್ಲ, ಅಣ್ಣಾ. ಆಗ ಕಾಯುವುದಕ್ಕಾದರೂ ಏನೋ ಇತ್ತು.

ನಿನ್ನ ಮೇಲೆ ನನಗೆ ಸಿಟ್ಟಿಲ್ಲ. ಇತ್ತು, ಈಗಿಲ್ಲ. ಎರಡು ಜೊತೆ ಉಣ್ಣೆಯ ಕಾಲುಚೀಲ, ಜ್ವರದ ಬೇರು, ನಿನಗಿಷ್ಟವಾದ ಒಣಗಿಸಿದ ಪ್ಲಮ್ ಹಣ್ಣು ಕಳಿಸಿದ್ದೇನೆ. ದೇವರು ನಿನ್ನನ್ನು ಬಾಣದಿಂದಲೂ ಬಿಸಿಲಿನಿಂದಲೂ ಕಾಯಲಿ. ನಿನ್ನನ್ನು ಹೊತ್ತು ತಂದ ಆ ಬರಿಗಾಲಿನವನಿಗೆ ನನ್ನ ನಮಸ್ಕಾರ ಹೇಳು, ಒಂದು ಜೊತೆ ಜೋಡು ಕೊಡಿಸು.

ನಿನ್ನ ತಂಗಿ,
ಎರ್ಮೆಂಗಾರ್ದ

ತಾ.ಕ.: ಅವಸರದಲ್ಲಿ ಬರೆಯುತ್ತಿದ್ದೇನೆ, ಅಂಗಳದಲ್ಲಿ ಕುದುರೆಗೆ ಜೀನು ಹಾಕಿದ್ದಾರೆ. ಈ ಪತ್ರ ಕೊಟ್ಟು ನಿನ್ನ ಎದುರು ನಿಂತಿರುವವನೇ ರೈನೌತ್. ಅವನಿಗೆ ಓದು ಬಾರದು, ಇದರಲ್ಲಿರುವುದು ನಿನ್ನ ಜ್ವರದ ವಿಚಾರ ಎಂದು ತಿಳಿದಿದ್ದಾನೆ. ಹೋದ ಭಾನುವಾರ ಅವನು ಏಳುವಾಗ ನಾನು ಅವನ ತೋಳು ಹಿಡಿದುಕೊಂಡೆ, ಬಿಡಲಿಲ್ಲ. ಅವನೇ ಮೆಲ್ಲಗೆ ಬಿಡಿಸಿಕೊಂಡ, ಬಾಗಿಲವರೆಗೆ ಹೋಗಿ ತಿರುಗಿ ಬಂದು ನಿಂತು, ಆಮೇಲೆ ಹೋದ. ಇನ್ನೊಮ್ಮೆ ಬಿಡಿಸಿಕೊಳ್ಳಲಾರ. ಅವನನ್ನು ಪಂಕ್ತಿಯಲ್ಲಿ ನಿನ್ನ ಪಕ್ಕಕ್ಕೆ ಕೂರಿಸಿಕೋ, ಅವನದೇ ಆದ ಒಂದು ಕುದುರೆ ಕೊಡು, ಅಲ್ಲೇ ಇಟ್ಟುಕೋ. ದ್ರಾಕ್ಷಿ ಕೊಯ್ಲಿನ ಹೊತ್ತಿಗೆ ನಿನ್ನ ಉತ್ತರ ತರುವುದಾಗಿ ಹೇಳಿದ್ದಾನೆ. ಉತ್ತರ ಬರೆಯಬೇಡ, ಅಣ್ಣಾ. ಬರೆದರೆ ತರಲು ಅವನೇ ಹೊರಡುತ್ತಾನೆ.