ಮಾದಪ್ಪನ ಹೆಸರಿನ ಮುಡಿ

ಸುಧಾ,

ನೀನು ಕಣ್ಮುಚ್ಚಿದ ಮೇಲೆ ನಮ್ಮ ಸಿಂಚನಳಿಗೆ ಜಡೆ ಹಾಕುವುದನ್ನು ನಾನೇ ಕಲಿತೆ. ಎಂಟನೇ ಕ್ಲಾಸಿನಲ್ಲಿ ಜಡೆ ಮುಗಿದರೂ ಅವಳ ಮಾತು ಮುಗಿಯುತ್ತಿರಲಿಲ್ಲ. ಒಂಬತ್ತಕ್ಕೆ ಬಂದಾಗ ಬರೀ ‘ಹೂಂ’. ಹತ್ತಕ್ಕೆ ಬಂದವಳು ತಲೆ ಮುಟ್ಟಲೂ ಬಿಡಲಿಲ್ಲ. ಊಟ ಬಿಟ್ಟಳು, ನಿದ್ದೆ ಬಿಟ್ಟಳು. ಪರೀಕ್ಷೆಯ ಭಯ ಅಂದುಕೊಂಡೆ.

ಇವತ್ತು ಬೆಳಿಗ್ಗೆ ಕತ್ತರಿಯಿಂದ ಬುಡದವರೆಗೂ ಕೂದಲು ಕತ್ತರಿಸಿಕೊಂಡಿದ್ದಾಳೆ. ನಮ್ಮವ್ವ ಬೀದಿಬಾಗಿಲು ಹಾಕಿ, “ಮಾದಪ್ಪನಿಗೆ ಮುಡಿ ಕೊಟ್ಟವ್ಳೆ ಅಂತ ಎಲ್ರಿಗೂ ಹೇಳನ ಬುಡು, ಮರ್ವಾದೆ ಉಳೀತದೆ” ಅಂದಳು. ಮಗಳನ್ನು ಕೂರಿಸಿಕೊಂಡು ಉಳಿದ ಕೂದಲನ್ನು ನಾನೇ ಬೋಳಿಸಿದೆ. ಅವಳು ಕನ್ನಡಿಯಲ್ಲಿ ನನ್ನನ್ನೇ ನೋಡುತ್ತಿದ್ದಳು. ನಾನು ಕಣ್ಣೆತ್ತಲಿಲ್ಲ.

ಮಧ್ಯಾಹ್ನ ಪಕ್ಕದ ಮನೆಯ ಸೋಮಮ್ಮ ಬಂದು, “ಎಂಥಾ ಭಕ್ತಿ ಕಣಮ್ಮಿ ನಿಂದು!” ಎಂದು ಅವಳ ತಲೆ ಸವರಿದಳು. ಸೋಮಮ್ಮ ಹೋದ ಮೇಲೆ ಸಿಂಚನ ಮೆಲ್ಲಗೆ ಹೇಳಿದಳು: “ಅಪ್ಪ, ಯಾಕೆ ಹಿಂಗ್ ಮಾಡ್ಕಂಡೆ ಅಂತ ನೀನಾದ್ರೂ ಕೇಳ್ತೀಯ ಅನ್ಕಂಡಿದ್ದೆ.”

ನಾಳೆ ಗುಂಡ್ಲುಪೇಟೆಯಿಂದ ಮೊದಲ ಬಸ್ಸಿಗೇ ಚಾಮರಾಜನಗರಕ್ಕೆ, ಮನಸ್ಸಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತೇನೆ. ಆದರೆ ಅದಕ್ಕೆ ಮೊದಲು ಇವತ್ತಿನ ರಾತ್ರಿ ಕಳೆಯಬೇಕಲ್ಲ ಸುಧಾ. ಅವಳ ಕೋಣೆಯ ಒಳಗಿನ ಚಿಲಕ ಕಿತ್ತು ಜೇಬಿನಲ್ಲಿಟ್ಟುಕೊಂಡು ಹೊಸ್ತಿಲಲ್ಲಿ ಕೂತಿದ್ದೇನೆ. ಬಾಗಿಲು ತೆರೆದೇ ಇದೆ. ಒಳಗೆ ಹೋಗಿ ಏನಂತ ಕೇಳಲಿ, ಹೇಳೇ.