ಯಾರೂ ಓದದ ಒಂದು ಸಾಲಿಗೆ ಅಮಾನತು

...ನೀರಿನ ಸಮಯ ಜನಕ್ಕೆ ತಿಳಿಸುವ ಬಗ್ಗೆ ತಾವು "ಅದು ನಿಮ್ಮ ಕೆಲಸ ಅಲ್ಲ" ಎಂದಿರೋ, "ಅದು ಯಾರ ಕೆಲಸವೂ ಅಲ್ಲ" ಎಂದಿರೋ, ಈಗ ನನಗೆ ಖಚಿತವಿಲ್ಲ, ಮಾನ್ಯರೇ. ನಿಮ್ಮ ಕೋಣೆಯ ಫ್ಯಾನು ಸದ್ದು ಮಾಡುತ್ತಿತ್ತು. ನನ್ನ ಕಣ್ಣು ನಿಮ್ಮ ಮೇಜಿನ ಮೇಲೆ ಮುಚ್ಚಿಟ್ಟಿದ್ದ ನೀರಿನ ಲೋಟದ ಮೇಲಿತ್ತು. ಎರಡರಲ್ಲಿ ಯಾವುದನ್ನು ಹೇಳಿದ್ದರೂ ಆದದ್ದು ಒಂದೇ. ನಮ್ಮ ಬಡಾವಣೆಗೆ ನೀರು ಬಿಡುವ ಹಿರಿಯ ನೌಕರರೊಬ್ಬರನ್ನು ನೀರು ಸರಬರಾಜು ವಿಭಾಗದ ಮುಖ್ಯ ಅಧಿಕಾರಿಯಾದ ತಾವು ಅಮಾನತು ಮಾಡಿ ಇಂದಿಗೆ ಹತ್ತೊಂಬತ್ತು ದಿನ. ಅವರ ಅಪರಾಧ, ಯಾವ ಬೀದಿಗೆ ಎಷ್ಟು ಹೊತ್ತಿಗೆ ನೀರು ಬರುತ್ತದೆ ಎಂದು ನನಗೆ ಹೇಳಿದ್ದು. ನನ್ನ ಅಪರಾಧ, ಅದನ್ನು ಒಂದು ಜಾಲಪುಟದಲ್ಲಿ ಹಾಕಿದ್ದು. ಅವರಿಗೆ ಶಿಕ್ಷೆ, ನನಗೆ ನೋಟಿಸು: ಶುಕ್ರವಾರದೊಳಗೆ ಪುಟವನ್ನು ತೆಗೆಯಬೇಕಂತೆ. ತೆಗೆಯುವುದಿಲ್ಲ ಎಂದು ತಿಳಿಸಲು ಈ ಪತ್ರ. ಇದನ್ನು ಬಹಿರಂಗವಾಗಿ ಬರೆಯುತ್ತಿರುವುದಕ್ಕೆ ಕಾರಣವಿದೆ. ಖಾಸಗಿಯಾಗಿ ಬರೆದ ಮೂರು ಪತ್ರಗಳಿಗೆ ನಿಮ್ಮ ಕಚೇರಿ ಮೊಹರು ಒತ್ತಿಕೊಟ್ಟಿದೆಯೇ ಹೊರತು ಉತ್ತರ ಕೊಟ್ಟಿಲ್ಲ.

ನಮ್ಮದು ಮೂರು ಕುರ್ಚಿಗಳ ಕಂಪನಿ. ಒಂದರಲ್ಲಿ ನಾನು, ಇನ್ನೊಂದರಲ್ಲಿ ನನ್ನ ನಾದಿನಿ, ಮೂರನೆಯದರಲ್ಲಿ ಯಾರು ಬಂದರೆ ಅವರು. ಕೆಳಗೆ ಟೈಲರ್ ಅಂಗಡಿ. ಅವರ ಹೊಲಿಗೆ ಯಂತ್ರ ಓಡಿದಾಗ ನಮ್ಮ ಮೇಜು ಸಣ್ಣಗೆ ನಡುಗುತ್ತದೆ. ಹಲ್ಲಿನ ಡಾಕ್ಟರಿಗೆ, ಕಾರು ಕಲಿಸುವವರಿಗೆ, ಸಮಾರಂಭಗಳಿಗೆ ಕುರ್ಚಿ ಬಾಡಿಗೆ ಕೊಡುವವರಿಗೆ ವೆಬ್‌ಸೈಟ್ ಮಾಡಿಕೊಡುತ್ತೇವೆ. ನಾನು ಜನರ ನಡುವಿನ ಮನುಷ್ಯನಲ್ಲ. ಯಂತ್ರದ ಜೊತೆ ಒಬ್ಬನೇ ಇರಬಹುದೆಂಬ ಆಸೆಯಿಂದಲೇ ಈ ಕಸುಬಿಗೆ ಬಂದವನು. ಸಮಾಜಸೇವೆ ಎಂದು ಯಾರಾದರೂ ಅಂದರೆ ನನಗೆ ವೇದಿಕೆ, ಮೈಕು ನೆನಪಾಗಿ ತಲೆ ಸಿಡಿಯುತ್ತದೆ. ಹೀಗಿರುವಾಗ ಒಂದು ದಿನ ನಾದಿನಿ ನನ್ನನ್ನು ಕೇಳದೆ ಬಾಗಿಲಿಗೆ ರಟ್ಟಿನ ಚೀಟಿ ಅಂಟಿಸಿದಳು. ಬುಧವಾರ ಮಧ್ಯಾಹ್ನ ಯಾರು ಬೇಕಾದರೂ ಬರಬಹುದು ಎಂದಿತ್ತು.

"ಯಾರು ಬೇಕಾದರೂ ಅಂದ್ರೆ ಯಾರು?" ಎಂದೆ.

"ನಿಮ್ಮನ್ನ ಬಿಟ್ಟು, ಭಾವ" ಎಂದಳು.

ಬಂದರು. ತುಂಬಿಹೋದ ಫೋನು, ತೆರೆಯದ ಅರ್ಜಿ, ಮರೆತುಹೋದ ಪಾಸ್‌ವರ್ಡ್ ಹಿಡಿದು ಮೆಟ್ಟಿಲು ಹತ್ತಿದರು. ಹಾಗೆ ಬಂದವರಲ್ಲಿ ಎದುರು ಸಾಲಿನ ಇಸ್ತ್ರಿ ಅಂಗಡಿಯಾಕೆಯೂ ಒಬ್ಬರು. ನಲ್ಲಿ ಯಾವಾಗ ಬರುತ್ತದೋ ಎಂದು ಕಾಯುತ್ತಾ ಬೆಳಗಿನ ಕೆಲಸವೆಲ್ಲ ಹಾಳಾಗುತ್ತದೆ, ಅಷ್ಟೊಂದು ಪುಟ ಮಾಡುವವರು ಇದಕ್ಕೊಂದು ಮಾಡಬಾರದೇ ಎಂದು ಕೇಳಿದರು. ನಾವು ಮಾಡಿದೆವು. ನಕ್ಷೆ, ಬಣ್ಣ, ಬೀದಿ ಆರಿಸುವ ಪಟ್ಟಿ, ಎಲ್ಲ ಹಾಕಿ ಮಾಡಿದೆವು. ನಮ್ಮಲ್ಲೊಂದು ಪದ್ಧತಿಯಿದೆ. ಯಾರಿಗಾಗಿ ಪುಟ ಮಾಡಿದೆವೋ ಅವರನ್ನು ಮೂರನೆಯ ಕುರ್ಚಿಯಲ್ಲಿ ಕೂರಿಸಿ, ನಾವಿಬ್ಬರೂ ಬಾಯಿ ಮುಚ್ಚಿ, ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ನೋಡುತ್ತೇವೆ. ಸಹಾಯ ಮಾಡುವಂತಿಲ್ಲ, ಸಮರ್ಥಿಸಿಕೊಳ್ಳುವಂತಿಲ್ಲ. ಆಕೆ ಒದ್ದೆ ಹೆಬ್ಬೆರಳಿಂದ ನಾಲ್ಕು ಸಲ ಒತ್ತಿ, ಕನ್ನಡಕ ತೆಗೆದಿಟ್ಟು, "ಇಷ್ಟೆಲ್ಲಾ ಯಾಕೆ? ಬರುತ್ತಾ ಇಲ್ವಾ, ಎಷ್ಟೊತ್ತಿಗೆ. ಮುಗೀತು" ಎಂದರು. ಪುಟ ಮೂರು ಸಾಲಿಗೆ ಇಳಿಯಿತು. ಇಪ್ಪತ್ತೆರಡು ವರ್ಷಗಳಲ್ಲಿ ನಾನು ಮಾಡಿದ ಅತ್ಯುತ್ತಮ ಕೆಲಸ ಅದು, ಅದರ ಬಹುಭಾಗ ಅಳಿಸಿದ್ದು.

ನಿಮ್ಮ ವಿಭಾಗದ ಅಧಿಕೃತ ವೆಬ್‌ಸೈಟನ್ನು ಇದರ ಪಕ್ಕದಲ್ಲಿಟ್ಟು ಹಂಗಿಸುವುದು ಸುಲಭ. ಆದರೂ ಒಂದು ಮಾತು. ಅಲ್ಲಿ ನೀರಿನ ಸಮಯ ತಿಳಿಯಬೇಕಾದರೆ ಹನ್ನೊಂದು ವಿವರ ತುಂಬಬೇಕು, ತಂದೆಯ ಹೆಸರೂ ಸೇರಿ. ಎಲ್ಲ ತುಂಬಿ ಒತ್ತಿದರೆ "ಈ ಸೇವೆ ಶೀಘ್ರದಲ್ಲೇ" ಎಂದು ಬರುತ್ತದೆ. ಆ ಶೀಘ್ರಕ್ಕೆ ಎರಡು ವರ್ಷ ತುಂಬಿದೆ. ನಮ್ಮ ಪುಟವನ್ನು ಪುಕ್ಕಟೆಯಾಗಿ ನಿಮಗೇ ಕೊಡುತ್ತೇವೆ, ನಿಮ್ಮದೇ ಹೆಸರಿನಲ್ಲಿ ನಡೆಸಿ ಎಂದು ನನ್ನ ಮೊದಲ ಪತ್ರದಲ್ಲೇ ಬರೆದಿದ್ದೆ. ಬಿಟ್ಟಿ ಸಿಕ್ಕಿದ್ದನ್ನು ಬೇಡವೆನ್ನುವ ಸರ್ಕಾರಿ ಕಚೇರಿಯನ್ನು ನಾನು ನೋಡಿದ್ದು ಅದೇ ಮೊದಲು.

ಇನ್ನು ಆ ನೌಕರರ ವಿಷಯ. ಭುಜದೆತ್ತರದ ಕಬ್ಬಿಣದ ಚಾವಿ ಹೊತ್ತು ಸೈಕಲ್ ತುಳಿಯುವ ಅವರನ್ನು ನಾವೆಲ್ಲ ಕರೆಯುವುದು ಚಾವಿ ಮಾವ ಎಂದು. ಬಡಾವಣೆಯ ಇಪ್ಪತ್ತೆಂಟು ವಾಲ್ವುಗಳಲ್ಲಿ ಯಾವುದು ಎಡಕ್ಕೆ ತಿರುಗುತ್ತದೆ, ಯಾವುದಕ್ಕೆ ಅರ್ಧ ಸುತ್ತು ಹೆಚ್ಚು ಬೇಕು ಎಂಬುದು ನಿಮ್ಮ ಯಾವ ಕಡತದಲ್ಲೂ ಇಲ್ಲ, ಅವರ ಮಣಿಕಟ್ಟಿನಲ್ಲಿದೆ. ಹದಿನಾಲ್ಕು ತಿಂಗಳು ಅವರು ಬೆಳಗಿನ ಸುತ್ತು ಹೊರಡುವ ಮುಂಚೆ ನಮಗೆ ಫೋನ್ ಮಾಡಿ, ಇಂದು ಯಾವ ಬೀದಿ ಎಷ್ಟೊತ್ತಿಗೆ ಎಂದು ಹೇಳುತ್ತಿದ್ದರು. ಏನನ್ನೂ ಕೇಳಲಿಲ್ಲ, ತೆಗೆದುಕೊಳ್ಳಲಿಲ್ಲ. "ದಾರಿ ಉದ್ದಕ್ಕೂ ಎಪ್ಪತ್ತು ಜನಕ್ಕೆ ಹೇಳ್ತೀನಿ. ನಿನಗೊಬ್ಬನಿಗೆ ಹೇಳಿದ್ರೆ ಗಂಟಲು ಉಳಿಯುತ್ತೆ" ಎನ್ನುತ್ತಿದ್ದರು.

ಅವರನ್ನು ಹಿಡಿದುಕೊಟ್ಟದ್ದು ನಾನು. ಇದನ್ನು ನಿಮ್ಮ ವಿಚಾರಣಾ ವರದಿ ಜಾಣತನದ ಶೋಧವೆಂಬಂತೆ ಬರೆದುಕೊಂಡಿರುವುದರಿಂದ ನಾನೇ ಸರಳವಾಗಿ ಹೇಳಿಬಿಡುತ್ತೇನೆ. ಜಾಲಪುಟಕ್ಕೆ ಎರಡು ಪದರ. ಪರದೆಯ ಮೇಲೆ ಜನ ಓದುವುದು ಒಂದು, ಅದರ ಹಿಂದೆ ಯಂತ್ರ ಓದುವ ಬರಹ ಇನ್ನೊಂದು. ಆ ಹಿಂಬದಿಯ ಬರಹದ ನಡುವೆ ನಮ್ಮ ಕಸುಬಿನವರು ತಮಗಾಗಿ ಟಿಪ್ಪಣಿ ಬರೆದುಕೊಳ್ಳುತ್ತಾರೆ. ಯಂತ್ರ ಅದನ್ನು ದಾಟಿಕೊಂಡು ಹೋಗುತ್ತದೆ, ಓದುಗರ ಕಣ್ಣಿಗೆ ಬೀಳುವುದಿಲ್ಲ. ಆದರೆ ಬೀಗವೂ ಇಲ್ಲ; ನೋಡುವ ಬಗೆ ತಿಳಿದವರು ಯಾರೂ ನೋಡಬಹುದು. ಎದುರಿಗೆ ನಿಂತು ಒಬ್ಬರಿಗೆ ಉಪಕಾರವಾಯಿತು ಎನ್ನಲು ನನಗೆ ಬರುವುದಿಲ್ಲ. ಹಾಗಾಗಿ ಅಲ್ಲಿ ಬರೆದಿಟ್ಟಿರುತ್ತೇನೆ. ಈ ಪುಟದಲ್ಲೂ ಬರೆದಿದ್ದೆ: "ಸಮಯ ಹೇಳುವವರು ಚಾವಿ ಮಾವ, ನೀರು ವಿಭಾಗ. ದಿನಾ ಫೋನ್ ಮಾಡುತ್ತಾರೆ. ಒಂದು ದಿನ ಅವರಿಗೆ ವಂದನೆ ಹೇಳಬೇಕು."

ನಿಮ್ಮ ವೆಬ್‌ಸೈಟಿನ ಗುತ್ತಿಗೆದಾರ ಅದನ್ನು ಓದಿದ. ನಿಮ್ಮ ಕೋಣೆಯಲ್ಲಿ ಲ್ಯಾಪ್‌ಟಾಪನ್ನು ನನ್ನ ಕಡೆಗೆ ತಿರುಗಿಸಿ, ಆ ಸಾಲಿನ ಮೇಲೆ ಬೆರಳಿಟ್ಟ.

"ಇದನ್ನ ಬರೆದವರು ಯಾರು?" ಎಂದಿರಿ ತಾವು.

"ನಾನೇ."

"ಯಾರಿಗೂ ಕಾಣದ ಜಾಗದಲ್ಲಿ ಯಾಕೆ ಬರೆದ್ರಿ?"

"ಯಾರಿಗೂ ಕಾಣಲ್ಲ ಅಂತಲೇ."

"ಹಾಗಾದ್ರೆ ಮುಚ್ಚಿಟ್ಟಿದ್ದೀರಿ ಅಂತಾಯ್ತು." ತಾವು ಗುತ್ತಿಗೆದಾರನ ಕಡೆ ನೋಡಿ ನಕ್ಕಿರಿ. ಅವನೂ ನಕ್ಕ, ತನ್ನ ಪಾಲಿನ ಕೆಲಸ ಎಂಬಂತೆ. ಆಮೇಲೆ ಒಂದು ಟೈಪು ಮಾಡಿದ ಹಾಳೆ ಸರಿಸಿದಿರಿ. ನೌಕರರೇ ಮಾಹಿತಿ ಕೊಟ್ಟರೆಂದು ನಾನು ಸಹಿ ಹಾಕಿದರೆ ನಮ್ಮ ಕಂಪನಿಯ ಮೇಲೆ ಕ್ರಮವಿಲ್ಲ ಎಂದಿರಿ. "ನಿಮ್ಮಂಥ ಸಣ್ಣವರಿಗೆ ತೊಂದರೆ ಕೊಡೋ ಉದ್ದೇಶ ನಮಗಿಲ್ಲ" ಎಂದೂ ಸೇರಿಸಿದಿರಿ. ನಾನು ಪೆನ್ನಿನ ಕ್ಯಾಪು ಹಾಕಿ ಎದ್ದು ಬಂದೆ. ಅದರಲ್ಲಿ ಧೈರ್ಯವೇನೂ ಇರಲಿಲ್ಲ. ಒಮ್ಮೆ ಬರೆದು ಕೆಡಿಸಿದವನಿಗೆ ಎರಡನೆಯ ಸಲ ಕೈ ಬರಲಿಲ್ಲ, ಅಷ್ಟೇ.

ದೋಷಾರೋಪಣೆಯನ್ನು ಓದಿದ್ದೇನೆ, ಮಾನ್ಯರೇ. ನೌಕರರು ಕಚೇರಿಯ ಮಾಹಿತಿಯನ್ನು ಸೋರಿಸಿದರು ಎಂದು ಅದರಲ್ಲಿದೆ. ನನ್ನ ನೋಟಿಸಿನಲ್ಲಿ, ನಾನು ತಪ್ಪು ಮಾಹಿತಿಯಿಂದ ಸಾರ್ವಜನಿಕರ ದಾರಿ ತಪ್ಪಿಸಿದೆ ಎಂದಿದೆ. ಮಾಹಿತಿ ತಪ್ಪಾಗಿದ್ದರೆ ಅವರು ಸೋರಿಸಿದ್ದೇನು? ಸರಿಯಾಗಿದ್ದರೆ ನಾನು ದಾರಿ ತಪ್ಪಿಸಿದ್ದು ಯಾರನ್ನು? ಎರಡೂ ಕಾಗದಕ್ಕೆ ಒಂದೇ ದಿನ ಒಂದೇ ಕೈ ಸಹಿ ಹಾಕಿದೆ. ಹದಿನಾಲ್ಕು ತಿಂಗಳಲ್ಲಿ ಹನ್ನೊಂದು ದಿನ ನಮ್ಮ ಸಮಯ ತಪ್ಪಿತ್ತು. ಆ ಹನ್ನೊಂದನ್ನೂ ಪುಟದ ತುದಿಯಲ್ಲಿ ಕೆಂಪಕ್ಷರದಲ್ಲಿ ಹಾಕಿದ್ದೇವೆ. ಟೈಲರ್ ಅಂಗಡಿಯ ಮುಂದೆ ಮೂರು ತಿಂಗಳಿಂದ ಸೋರುತ್ತಿರುವ ಪೈಪಿಗೆ ಇಲ್ಲದ ಆತುರ ಈ ಸೋರಿಕೆಗೆ ಏಕೆ ಬಂತು? ನೀರಿನ ಸಮಯ ರಾಜ್ಯರಹಸ್ಯವಾದದ್ದು ಯಾವಾಗಿನಿಂದ? ಅಥವಾ ಗುಟ್ಟು ಇಷ್ಟೇಯೋ: ಸಮಯ ಗೊತ್ತಿದ್ದರೆ, ಬಾರದಿದ್ದದ್ದೂ ಜನಕ್ಕೆ ಗೊತ್ತಾಗುತ್ತದೆ?

ಅಮಾನತಿನ ಆದೇಶ ಕೈಗೆ ಬಂದ ದಿನ ಚಾವಿ ಮಾವ ನಮ್ಮ ಮೆಟ್ಟಿಲು ಹತ್ತಿ ಬಂದರು. ಬುಧವಾರವಲ್ಲ. ಮೂರನೆಯ ಕುರ್ಚಿಯಲ್ಲಿ ಕೂತು, ನಾದಿನಿ ಕೊಟ್ಟ ಟೀಯನ್ನು ಎರಡು ಗುಟುಕಿಗೆ ಮುಗಿಸಿದರು.

"ಮೂವತ್ತೊಂದು ವರ್ಷ ದುಡಿದೆ, ಆಫೀಸಲ್ಲಿ ಯಾರಿಗೂ ನಾನು ಯಾರು ಅಂತ ಗೊತ್ತಿರಲಿಲ್ಲ. ಈಗ ಜವಾನನಿಂದ ಸಾಹೇಬರ ತನಕ ಎಲ್ಲರಿಗೂ ಗೊತ್ತು. ನಿನ್ನ ಪುಣ್ಯ ಕಣಪ್ಪ" ಎಂದರು.

"ಮಾವ, ತಪ್ಪು ನಂದು."

"ನಿಂದೇ. ಅಲ್ಲ ಅಂದವರು ಯಾರು?" ಲೋಟ ಕೆಳಗಿಟ್ಟರು. "ಇನ್ನು ಏಳು ತಿಂಗಳಿತ್ತು ನಿವೃತ್ತಿಗೆ. ಚಾವೀನ ನಾನೇ ಹೋಗಿ ಒಪ್ಪಿಸಿ ಬರಬೇಕು ಅಂತಿದ್ದೆ. ಕಿತ್ಕೊಂಡ್ರಲ್ಲ, ಅದೊಂದು ನೋಡು."

ಅವರಿಗೆ ಬೇಕಿರುವುದು ಅದು. ಸನ್ಮಾನವಲ್ಲ, ಶಾಲು ಅಲ್ಲ. ತಾನಾಗಿ ಹೋಗಿ ಆ ಕಬ್ಬಿಣವನ್ನು ಗೋಡೆಗೆ ಒರಗಿಸಿ ಬರುವುದು. ತಾವು ಕಸಿದುಕೊಂಡಿರುವುದು ಎಷ್ಟನ್ನು ಎಂಬುದಕ್ಕೆ ನಿಮ್ಮ ಯಾವ ನಮೂನೆಯಲ್ಲೂ ಅಂಕಣವಿಲ್ಲ. ಈ ಪತ್ರವನ್ನು ಅಚ್ಚಿಗೆ ಕೊಡುವ ಮುಂಚೆ ಅವರಿಗೆ ಪೂರ್ತಿ ಓದಿ ಹೇಳಿದ್ದೇನೆ. ಕೇಳಿ, ಒಂದು ವಾಕ್ಯ ತೆಗೆಸಿದರು. ಅದು ನಿಮ್ಮ ಬಗ್ಗೆ ಇತ್ತು, ಮಾನ್ಯರೇ. "ಹೊಟ್ಟೆಪಾಡಿನವರು, ಬಿಡು" ಎಂದರು.

ಅವರ ಜಾಗಕ್ಕೆ ಬಂದವರು ಇಳಿಜಾರಿನ ಗಲ್ಲಿಯ ವಾಲ್ವನ್ನು ಬಲಕ್ಕೆ ತಿರುಗಿಸಿದ್ದರಿಂದ ಎರಡು ದಿನ ಆ ಗಲ್ಲಿ ಒಣಗಿತು. "ಗಡಿಯಾರಕ್ಕೆ ಕೀ ಕೊಟ್ಟ ಹಾಗೆ ತಿರುಗಿಸ್ತಾನೆ" ಎಂದು ಇಸ್ತ್ರಿ ಅಂಗಡಿಯಾಕೆ ಬೈದದ್ದನ್ನು ಬೀದಿಯೇ ಕೇಳಿತು. ಪುಟ ಇನ್ನು ನಿಂತಿತು ಎಂದು ತಾವು ಭಾವಿಸಿದ್ದಿರಬಹುದು. ನಾನೂ ಹಾಗೆಯೇ ಅಂದುಕೊಂಡಿದ್ದೆ. ಆದರೆ ನಾಲ್ಕನೆಯ ದಿನ ಆಕೆಯೇ ಫೋನ್ ಮಾಡಿ, "ನಮ್ಮ ನಲ್ಲಿ ಬಂತು, ಹಾಕ್ಕೊಳಿ" ಎಂದರು. ಮರುದಿನ ಟೈಲರ್. ಈಗ ನಲವತ್ತೆರಡು ಮನೆಗಳು ತಮ್ಮ ನಲ್ಲಿ ಉಸಿರೆಳೆದ ಕೂಡಲೇ ನಮಗೆ ತಿಳಿಸುತ್ತವೆ. ಐದು ನಿಮಿಷ ತಡ, ಆದರೆ ಒಮ್ಮೆಯೂ ತಪ್ಪಿಲ್ಲ. ಸರ್ಕಾರಿ ಅಧಿಕಾರಿಗಳ ಮನೆಗಳ ಎತ್ತರದ ಗೋಡೆಗಳ ಹಿಂದಿನಿಂದಲೂ ಕೆಲವು ಕರೆಗಳು ಬರುತ್ತವೆ. ಯಾವ ಗೋಡೆ ಎಂದು ಎಲ್ಲೂ ಬರೆದಿಟ್ಟಿಲ್ಲ, ಅಷ್ಟನ್ನು ಕಲಿತಿದ್ದೇನೆ. ಪುಟದ ತಲೆಯಲ್ಲಿ ಈಗ ದಪ್ಪಕ್ಷರದಲ್ಲಿ ಇರುವುದು ಒಂದೇ ಸಾಲು, ಇದರ ಹೊಣೆ ನನ್ನದು ಎಂದು, ಕೆಳಗೆ ನಮ್ಮ ಬಾಗಿಲಿನ ನಂಬರು. ಇನ್ನು ತಾವು ಯಾರನ್ನು ಅಮಾನತು ಮಾಡುತ್ತೀರಿ? ನಲ್ಲಿಗಳನ್ನೇ?

ಆದ್ದರಿಂದ ಕೇಳುತ್ತಿದ್ದೇನೆ, ಬೇಡುತ್ತಿಲ್ಲ. ಅಮಾನತನ್ನು ರದ್ದು ಮಾಡಿ, ಚಾವಿಯನ್ನು ಅವರ ಕೈಗೆ ವಾಪಸು ಕೊಡಿ. ವಿಚಾರಣೆಯೇ ಬೇಕಿದ್ದರೆ ಬರೆದವನನ್ನು ವಿಚಾರಿಸಿ, ನಾನು ಬರುತ್ತೇನೆ. ನೀರಿನ ಸಮಯವನ್ನು ತಂದೆಯ ಹೆಸರು ಕೇಳದೆ ನಿಮ್ಮ ಪುಟದಲ್ಲಿ ಹಾಕಿದ ದಿನ ನಮ್ಮದನ್ನು ನಾವೇ ಅಳಿಸುತ್ತೇವೆ; ಅಳಿಸುವುದರಲ್ಲಿ ನಮಗೆ ಅಭ್ಯಾಸವಿದೆ. ಅಲ್ಲಿಯವರೆಗೆ ಶುಕ್ರವಾರವೂ ಇರುತ್ತದೆ, ಶನಿವಾರವೂ ಇರುತ್ತದೆ.

ಇಂತಿ,
ವಂದನೆಯನ್ನು ತಪ್ಪು ಜಾಗದಲ್ಲಿ ಬರೆದವನು,
ಟೈಲರ್ ಅಂಗಡಿಯ ಮೇಲಿನ ಮಹಡಿ

ಮತ್ತೆ, ಇದು ಅಧಿಕಾರಿಗಳಿಗಲ್ಲ: ಮಾವ, ನಸುಕಿಗೆ ಈಗಲೂ ಅದೇ ಹೊತ್ತಿಗೆ ಎಚ್ಚರವಾಗುತ್ತದೆಯೇ? ಆಗ ಆ ಕೈಗೆ ಏನು ಕೆಲಸ ಕೊಡುತ್ತೀರಿ?